ಹರಕುಮೂಗಿನ ಗುಡ್ಡ

ಸೀಗೆಕಾವಲಿನ ಹಟ್ಟಿಯ ಮುಂದೆ ಬಸ್ಸಿಳಿದವರಿಗೆ ಎದುರಿಗೇ ಕಾಣುವುದು ಹರಕುಮೂಗಿನ ಗುಡ್ಡ. ಅಂಥ ಎತ್ತರವೇನಲ್ಲ, ಕಾಲು ಗಟ್ಟಿಯಿದ್ದವರು ಒಂದು ತಾಸಿನಲ್ಲಿ ಹತ್ತಿ ಇಳಿಯಬಹುದು. ಮೂರು ಕಡೆ ಕಡಿದಾದ ಬಂಡೆ, ಒಂದು ಕಡೆ ಮಾತ್ರ ಓರೆಯಾಗಿ ಹತ್ತುವ ಹಳೆಯ ದಾರಿ. ಆ ದಾರಿಗೆ ಹಾಸಿದ್ದ ಚಪ್ಪಡಿಗಳಲ್ಲಿ ಅರ್ಧದಷ್ಟು ಈಗ ಹಟ್ಟಿಯವರ ಕೊಟ್ಟಿಗೆಗಳಲ್ಲಿವೆ. ಸುಳ್ಳೇಕೆ ಹೇಳಲಿ, ನಮ್ಮ ಮನೆಯ ಮೆಟ್ಟಿಲಿಗೂ ಎರಡು ಬಂದಿವೆ. ತುದಿಯಲ್ಲಿ ಕೋಟೆಯೆಂದು ತೋರಿಸುವುದು ಎರಡಾಳೆತ್ತರದ ಒಂದು ಗೋಡೆಯನ್ನು, ಮುಳ್ಳು ಕವಿದ ಒಂದು ಒಣ ಬಾವಿಯನ್ನು. ಸುತ್ತಲೂ ಕಾವಲು, ಅಂದರೆ ದನಗಳಿಗೆಂದೇ ಹಿಂದಿನ ಕಾಲದ ದೊರೆಗಳು ಬಿಟ್ಟಿದ್ದ ಹುಲ್ಲುಬಯಲು. ಅದರಲ್ಲೂ ಮುಕ್ಕಾಲು ಪಾಲನ್ನು ಉತ್ತು ರಾಗಿ ಬಿತ್ತಿದ್ದಾಗಿದೆ, ಉಳಿದದ್ದರ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಆ ಯಂತ್ರ ನೆಡಲು ಬಂದವರು ನಕ್ಷೆ ಬರೆಯುವಾಗ, ಈ ಹೆಸರು ಕೇಳುವುದಕ್ಕೆ ಚೆನ್ನಾಗಿಲ್ಲ, 'ನಾಯಕನ ಬೆಟ್ಟ' ಎಂದು ಬರೆದುಕೊಳ್ಳೋಣವೇ ಎಂದು ನನ್ನನ್ನು ಕೇಳಿದರು. ಬೇಡ ಎಂದೆ. ಕೊಂಚ ಜೋರಾಗಿಯೇ ಹೇಳಿದೆನೆಂದು ತೋರುತ್ತದೆ, ಅವರು ನಾನು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ನಾನು ದನದ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಕಾಂಪೌಂಡರಾಗಿದ್ದವನು, ಇತಿಹಾಸ ಓದಿದವನಲ್ಲ. ಆದರೆ ಈ ಸೀಮೆಯ ಎತ್ತುಗಳ ಮೂಗನ್ನು ನಾನು ನೋಡಿದಷ್ಟು ಯಾವ ಪಂಡಿತನೂ ನೋಡಿರಲಾರ. ಆದ್ದರಿಂದ ಈ ಹೆಸರಿನ ಮಟ್ಟಿಗೆ ನನ್ನ ಮಾತಿಗೂ ಅಷ್ಟಿಷ್ಟು ಬೆಲೆಯುಂಟು ಎಂದುಕೊಂಡಿದ್ದೇನೆ. ಮೂಗುದಾರ ಎಂದರೇನೆಂದು ಎಲ್ಲರಿಗೂ ಗೊತ್ತು. ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು ದಬ್ಬಳದಿಂದ ಚುಚ್ಚಿ, ಹಗ್ಗ ತೂರಿಸಿ, ಕೆನ್ನೆಯ ಮೇಲಿಂದ ಒಯ್ದು ಕೊಂಬಿನ ಹಿಂದೆ ಗಂಟು ಹಾಕುವುದು. ಅಷ್ಟಾದರೆ ಎಂಥ ದೈತ್ಯ ಹೋರಿಯನ್ನಾದರೂ ಬಡಕಲು ಮನುಷ್ಯನೊಬ್ಬ ಕರೆದ ಕಡೆ ಕರೆದೊಯ್ಯಬಹುದು. ಹೋರಿಯ ಮೈಯಲ್ಲಿ ಎಲ್ಲಕ್ಕಿಂತ ಎಳಸಾದ ಜಾಗ ಅದು. ನೋಯುವ ಜಾಗವನ್ನು ಹಿಡಿದುಕೊಂಡರೆ ಉಳಿದ ಮೈ ತಾನಾಗಿ ಹಿಂದೆ ಬರುತ್ತದೆ. ಇದರಲ್ಲಿ ಅದಕ್ಕಿಂತ ದೊಡ್ಡ ವಿದ್ಯೆ ಏನೂ ಇಲ್ಲ. ಜನ ಇದೇ ಮಾತನ್ನು ಮನುಷ್ಯರಿಗೂ ಆಡುತ್ತಾರೆ. ಊರೂರು ಅಲೆಯುವ ಮಗನಿಗೆ ಹೆಣ್ಣು ನೋಡುವಾಗ 'ಒಂದು ಮೂಗುದಾರ ಹಾಕಿಬಿಡಿ, ಸರಿಹೋಗ್ತಾನೆ' ಎನ್ನುತ್ತಾರೆ. ಮೆರೆಯುವ ಅಧಿಕಾರಿಯನ್ನು ಕಂಡು 'ಇವನಿಗೆ ಮೂಗುದಾರ ಹಾಕೋರು ಯಾರೂ ಇಲ್ವೇ' ಎಂದು ಹಲ್ಲು ಕಡಿಯುತ್ತಾರೆ. ಪತ್ರಿಕೆಯವರು ಈರುಳ್ಳಿ ಬೆಲೆಗೂ ಮೂಗುದಾರ ಹಾಕಿಸುತ್ತಾರೆ. ಅಂಕೆ, ಹತೋಟಿ, ಲಗಾಮು, ಹದ್ದುಬಸ್ತು ಎಂದು ಎಷ್ಟು ಮಾತಿದ್ದರೂ ನಗುನಗುತ್ತ ಹೇಳುವುದಕ್ಕೆ ಜನರಿಗೆ ಒದಗುವುದು ಇದೇ. ಸೀಗೆಕಾವಲಿನಲ್ಲಿ ಮಾತ್ರ ಇದನ್ನು ಮನುಷ್ಯರಿಗೆ ಯಾರೂ ಹೇಳುವುದಿಲ್ಲ. ನಾನು ಇಲ್ಲಿಗೆ ವರ್ಗವಾಗಿ ಬಂದ ಹೊಸತರಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಹೊರಗಿನಿಂದ ಬಂದ ಬೀಗರೊಬ್ಬರು ಮದುಮಗನನ್ನು ಕಿಚಾಯಿಸುತ್ತ 'ಅಂತೂ ಮೂಗುದಾರ ಬಿತ್ತಲ್ಲಪ್ಪ' ಎಂದರು. ಬಡಿಸುತ್ತಿದ್ದ ಹೆಂಗಸು ಸೌಟನ್ನು ಪಾತ್ರೆಗೆ ಬಿಟ್ಟು ಒಳಗೆ ಹೋದಳು. ಮತ್ತೆ ಆ ಪಂಕ್ತಿಗೆ ಯಾರೂ ಬರಲಿಲ್ಲ, ಕೊನೆಗೆ ನಾನೇ ಎದ್ದು ಎಲ್ಲರಿಗೂ ಸಾರು ಹಾಕಿದೆ. ಏಕೆಂದು ನನಗೆ ಹೇಳಿದವಳು ಚಿತ್ತಜ್ಜಿ, ಹಟ್ಟಿಯ ಅತ್ಯಂತ ಹಿರಿಯ ಹೆಂಗಸು. ಈಗ ಅವಳಿಲ್ಲ. ಅವಳು ಹೇಳಿದಂತೆ ಬರೆಯುತ್ತೇನೆ. ನನ್ನದು ಸೇರಿದ ಕಡೆ ನನ್ನದೆಂದೇ ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆಯೆಲ್ಲ ಸಣ್ಣ ಸಣ್ಣ ಪಾಳೆಯಗಾರರ ನಡುವೆ ಹಂಚಿಹೋಗಿದ್ದ ಕಾಲದಲ್ಲಿ, ಗುಡ್ಡದ ಮೇಲೆ ಕೋನಪ್ಪನಾಯಕನೆಂಬವನು ಕೋಟೆ ಕಟ್ಟಿಕೊಂಡು ಆಳುತ್ತಿದ್ದನೆನ್ನುತ್ತಾರೆ. ಆಗ ಗುಡ್ಡಕ್ಕೆ ಬೇರೆ ಹೆಸರಿತ್ತು. ಯಾವುದೆಂದು ಇಂದು ಯಾರಿಗೂ ನೆನಪಿಲ್ಲ. ಕೆಳಗಿನ ಕಾವಲಿನಲ್ಲಿ ನಾಯಕನ ದನಗಳು ಮೇಯುತ್ತಿದ್ದವು, ಸಾವಿರಕ್ಕೆ ಕಡಿಮೆಯಿಲ್ಲ. ಕೊಟ್ಟಿಗೆ ಕಂಡ ದನಗಳಲ್ಲ ಅವು. ಬಯಲಲ್ಲೇ ಹುಟ್ಟಿ ಬಯಲಲ್ಲೇ ಬಲಿತು, ಮನುಷ್ಯನ ವಾಸನೆ ಬಡಿದರೆ ಬಾಲ ಎತ್ತಿ ಓಡುವಂಥವು. ಮೂರು ವರ್ಷ ತುಂಬಿದ ಹೋರಿಗಳನ್ನು ಹಿಡಿದು, ಮೂಗು ಚುಚ್ಚಿ, ನೊಗಕ್ಕೆ ಪಳಗಿಸಿ ಕೋಟೆಗೆ ಒಪ್ಪಿಸುವುದು ಹಟ್ಟಿಯ ದನಗಾಹಿಗಳ ಕೆಲಸ. ಅವರಲ್ಲಿ ದಬ್ಬಳ ಹಿಡಿಯುವ ಹಕ್ಕು ಒಂದೇ ಮನೆಗಿತ್ತು, ಆ ಮನೆಯ ಯಜಮಾನ ಕ್ಯಾತಯ್ಯ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿದ್ದವಳು ಒಬ್ಬಳೇ ಮಗಳು, ಸಣ್ಣೀರಮ್ಮ. ಹೋರಿಗೆ ಹಾಕುವ ಮೊದಲ ಮೂಗುದಾರವನ್ನು ಚುಚ್ಚುವವನ ಮನೆಯ ಹೆಣ್ಣೇ ಹೊಸೆಯಬೇಕೆಂಬುದು ಹಟ್ಟಿಯ ಕಟ್ಟಳೆ, ಹತ್ತಿಯ ನೂಲಿನಿಂದ, ಎಣ್ಣೆ ಸವರಿ, ಗಂಟಿಲ್ಲದಂತೆ. ಸಣ್ಣೀರಮ್ಮ ಎಡಗೈಯವಳು, ಅವಳು ಹೊಸೆದ ಹಗ್ಗದ ತಿರುವು ಎಲ್ಲರ ಹಗ್ಗಕ್ಕೂ ಎದುರಾಗಿರುತ್ತಿತ್ತು. ಕತ್ತಲಲ್ಲಿ ಮುಟ್ಟಿದರೂ ಅವಳದೆಂದು ಗೊತ್ತಾಗುತ್ತಿತ್ತಂತೆ. ಅವಳಿಗೆ ಪಕ್ಕದ ಹಟ್ಟಿಯಲ್ಲಿ ಗಂಡು ಗೊತ್ತಾಗಿ ಎರಡು ವರ್ಷವಾಗಿತ್ತು. ಹಗ್ಗ ಹೊಸೆಯಲು ಇನ್ನೊಬ್ಬಳು ಸಿಗಲಿ, ಆಮೇಲೆ ಕಳಿಸುತ್ತೇನೆ ಎಂದು ಕ್ಯಾತಯ್ಯ ಮುಂದೂಡುತ್ತಲೇ ಇದ್ದ. 'ನೆಪ ಕಣಪ್ಪ ಅದು, ಮಗಳನ್ನ ಬಿಟ್ಟು ಒಂದು ಹೊತ್ತು ಗಂಟಲಲ್ಲಿ ತುತ್ತು ಇಳೀತಿರಲಿಲ್ಲ ಅವನಿಗೆ' ಎಂದಳು ಚಿತ್ತಜ್ಜಿ, ನಿನ್ನೆ ಕಂಡವನ ಸುದ್ದಿಯೆಂಬಂತೆ.

ಮೂಗು ಚುಚ್ಚುವ ದಿನ ಕ್ಯಾತಯ್ಯ ಹೋರಿ ಮೇವು ಮುಟ್ಟುವ ತನಕ ತಾನೂ ಏನೂ ಮುಟ್ಟುತ್ತಿರಲಿಲ್ಲ. ಚುಚ್ಚಿದ ಮೇಲೆ ಹೋರಿಯ ಕಿವಿಯಲ್ಲಿ 'ತಪ್ಪಾಯ್ತು ಕಣಪ್ಪ' ಎಂದು ಹೇಳಿ, ಗಾಯಕ್ಕೆ ಅರಿಶಿನ ಹರಳೆಣ್ಣೆ ಸವರುವುದು. ಅಲ್ಲಿಂದ ಇಪ್ಪತ್ತೊಂದು ದಿನ ಆ ಹಗ್ಗವನ್ನು ಯಾರೂ ಎಳೆಯಕೂಡದು. ಹೋರಿ ಅದನ್ನು ಹೊತ್ತುಕೊಂಡು ತಿರುಗಬೇಕು, ಹುಣ್ಣು ಮಾಗಿ ತೂತಿನ ಸುತ್ತ ಚರ್ಮ ಗಟ್ಟಿಯಾಗಬೇಕು. ಇದು ಬರೀ ಶಾಸ್ತ್ರವಲ್ಲ. ಐದನೆಯ ದಿನಕ್ಕೇ ಆತುರಪಟ್ಟು ಜಗ್ಗಿ, ಹರಿದು ಜೋತುಬಿದ್ದ ಮೂಗಿನ ಹೋರಿಯನ್ನು ನನ್ನ ಆಸ್ಪತ್ರೆಗೆ ತಂದವರನ್ನು ನಾನೇ ಬೈದು ಕಳಿಸಿದ್ದೇನೆ. ಹೊಲಿಗೆ ಹಾಕಿದರೂ ನಿಲ್ಲುವುದಿಲ್ಲ. ಹಗ್ಗ ತೂರಿಸಲು ಮತ್ತೆ ಜಾಗವೇ ಇರುವುದಿಲ್ಲ, ಆ ಹೋರಿಯನ್ನು ಆಮೇಲೆ ಯಾವ ಮಗನೂ ಅಂಕೆಗೆ ತರಲಾರ. ಹಟ್ಟಿಯವರಲ್ಲಿ ಇನ್ನೂ ಒಂದು ಪಾಠವಿತ್ತು. ದನಗಾಹಿಯ ಸೊಂಟದಲ್ಲಿ ಯಾವಾಗಲೂ ಕುಡುಗೋಲು ಇರಬೇಕು. ದನದ ಕೊರಳು ಹಗ್ಗದಲ್ಲಿ ಬಿಗಿದು ನಾಲಿಗೆ ಹೊರಬಂತೆಂದರೆ ಹಿಂದೆ ಮುಂದೆ ನೋಡದೆ ಮೊದಲು ಆ ಹಗ್ಗ ಕೊಯ್ಯಬೇಕು. ಯಾರ ಹಗ್ಗ, ಯಾಕೆ ಕಟ್ಟಿದ್ದು ಎಂದು ಕೇಳುತ್ತ ನಿಂತರೆ ಅಷ್ಟರಲ್ಲಿ ಪ್ರಾಣ ಹೋಗಿರುತ್ತದೆ. ನಡೆಯಲು ಕಲಿತ ಮಕ್ಕಳಿಗೆ ಮೊದಲು ಕಲಿಸುತ್ತಿದ್ದುದೇ ಇದನ್ನಂತೆ.

ಒಂದು ವರ್ಷ ದೊಡ್ಡರೋಗವೆಂಬ ದನದ ಮಾರಿ ಬಂದು ಕೋಟೆಯ ಕೊಟ್ಟಿಗೆಗಳಲ್ಲಿದ್ದ ಪಳಗಿದ ಎತ್ತುಗಳೆಲ್ಲ ಸತ್ತವು. ಅದೇ ವರ್ಷ ಪಡುವಲ ಪಾಳೆಯದವರು ಕೋಟೆಯ ಮೇಲೆ ದಂಡೆತ್ತಿ ಬರುತ್ತಾರೆಂಬ ಸುದ್ದಿಯೂ ಬಂತು. ಕೋನಪ್ಪನಾಯಕ ಎಲ್ಲಿಂದಲೋ ಒಂದು ದೊಡ್ಡ ಫಿರಂಗಿಯನ್ನು ತರಿಸಿದ್ದ. ತಂದವರು ಅದನ್ನು ಗುಡ್ಡದ ಬುಡದಲ್ಲಿ ಇಳಿಸಿ, ತಮ್ಮ ಎತ್ತುಗಳನ್ನು ಬಿಚ್ಚಿಕೊಂಡು ಹೊರಟುಹೋಗಿದ್ದರು. ಫಿರಂಗಿ ಮೇಲೇರಿದರೆ ಕೋಟೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ನಾಯಕ ಕ್ಯಾತಯ್ಯನನ್ನು ಕರೆಸಿ ಹನ್ನೆರಡು ಹೋರಿ ಬೇಕು, ಹತ್ತನೆಯ ದಿನ ಫಿರಂಗಿ ಬುರುಜಿನ ಮೇಲಿರಬೇಕು ಎಂದ. ಕ್ಯಾತಯ್ಯ ಕೈಮುಗಿದು, 'ಇಪ್ಪತ್ತೊಂದು ದಿನ ಕೊಡಿ ಬುದ್ಧಿ, ಎಳೆಸಿಕೊಡ್ತೀನಿ' ಎಂದ. 'ನಿನ್ನ ಹೋರಿ ಮೂಗು ಮಾಗಲಿ ಅಂತ ಶತ್ರು ಕಾಯ್ಕೊಂಡು ಕೂತಿರ್ತಾನೇನೋ?' ಎಂದು ನಾಯಕ ಕೇಳಿದ. 'ಹತ್ತು ದಿನಕ್ಕೆ ಆಗಲ್ಲ ಬುದ್ಧಿ. ಹೋರಿ ಕೆಡ್ತವೆ, ಕೆಲಸವೂ ಕೆಡ್ತದೆ' ಎಂದ ಕ್ಯಾತಯ್ಯ. ಆ ಸಭೆಯಲ್ಲಿ ಆಗಲ್ಲ ಎಂಬ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಆದರೂ ನಾಯಕ ಸಿಟ್ಟಾಗಲಿಲ್ಲ, ಗದರಲಿಲ್ಲ. ಪಕ್ಕದಲ್ಲಿದ್ದ ಹಂಪಣ್ಣನ ಕಡೆ ತಿರುಗಿ, 'ಇವನಿಗೆ ಮನೇಲಿ ಯಾರಿದಾರೆ?' ಎಂದಷ್ಟೇ ಕೇಳಿದ. ಹಂಪಣ್ಣ ಸೇರ್ವೆಗಾರ, ಅಂದರೆ ಕಾವಲಿನ ದನ ಜನ ಎರಡರ ಮೇಲೂ ನಾಯಕನ ಪರವಾಗಿ ಯಜಮಾನಿಕೆ ಮಾಡುವವನು. 'ಒಬ್ಬಳು ಮಗಳು' ಎಂದ.

ಕ್ಯಾತಯ್ಯ ಗುಡ್ಡ ಇಳಿದು ಮನೆ ಮುಟ್ಟುವ ಹೊತ್ತಿಗೆ ಸೇರ್ವೆಗಾರನ ಆಳುಗಳು ಅವನಿಗಿಂತ ಮೊದಲೇ ಅಲ್ಲಿದ್ದರು. ಫಿರಂಗಿಗೆ ಹಗ್ಗ ಹೊಸೆಯಲು ಅರಮನೆಗೆ ಜನ ಬೇಕಾಗಿದೆ ಎಂದು ಸಣ್ಣೀರಮ್ಮನನ್ನು ಕರೆದುಕೊಂಡು ಹೊರಟರು. 'ಹೆದರಬೇಡ ಅಪ್ಪಯ್ಯ, ಅಲ್ಲೂ ಹಗ್ಗ ಹೊಸೆಯೋದೇ ತಾನೆ' ಎಂದು ಅವಳೇ ತಂದೆಗೆ ಧೈರ್ಯ ಹೇಳಿದಳಂತೆ. ಅವಳು ತಿರುವು ಹತ್ತಿ ಮರೆಯಾದ ಮೇಲೆ, ಆಳುಗಳ ಜೊತೆ ಬಂದು ಹಿಂದೆ ನಿಂತಿದ್ದ ಹಂಪಣ್ಣ ನಕ್ಕು, 'ಸದ್ಯ, ಮುದುಕನಿಗೂ ಮೂಗುದಾರ ಬಿತ್ತು' ಎಂದ. ಮನುಷ್ಯನ ಬಗ್ಗೆ ಆ ಮಾತನ್ನು ಹಟ್ಟಿಯವರು ಕೇಳಿ ಸಹಿಸಿಕೊಂಡದ್ದು ಅದೇ ಮೊದಲು, ಅದೇ ಕೊನೆ ಎನ್ನುತ್ತಾರೆ. ಹೋರಿಯ ಮೂಗನ್ನು ಚುಚ್ಚುವುದರಲ್ಲೇ ತಲೆ ನರೆತ ಮನುಷ್ಯನಿಗೆ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾರನೆಯ ದಿನವೇ ಹನ್ನೆರಡು ಹೋರಿಗಳನ್ನು ಹಿಡಿಸಿದ.

ಒಂಬತ್ತು ದಿನ ಕ್ಯಾತಯ್ಯ ಮಾಡಿದ ಕೆಲಸ ಇಂದಿಗೂ ಹಟ್ಟಿಯವರ ಬಾಯಲ್ಲಿದೆ. ಹನ್ನೆರಡಕ್ಕೂ ಮೂಗು ಚುಚ್ಚಿ ಮೂಗುದಾರ ಹಾಕಿದ, ನಾಯಕನ ಜನಕ್ಕೆ ಕಾಣಬೇಕಲ್ಲ. ಆದರೆ ಅದನ್ನು ಸಡಿಲ ಬಿಟ್ಟು, ನಡೆಸುವ ಹಗ್ಗವನ್ನು ಕೊಂಬಿನ ಬುಡಕ್ಕೆ ಕಟ್ಟಿದ. ಎಳೆತ ಬಿದ್ದರೆ ತಲೆಗೆ ಬೀಳಬೇಕೇ ಹೊರತು ಹಸಿ ಹುಣ್ಣಿಗಲ್ಲ. ಬೆಲ್ಲ ತಿನ್ನಿಸಿ, ಕೊರಳು ಕೆರೆದು, ಜೊತೆಯಲ್ಲೇ ಮಲಗಿ, ಆ ಕಾಡು ಹೋರಿಗಳು ನೊಗಕ್ಕೆ ಕೊರಳು ಒಡ್ಡುವಂತೆ ಮಾಡಿದ. ಒಂದೊಂದು ಜೋಡಿಗೆ ಒಬ್ಬನಂತೆ ಕೋಟೆಯ ಆಳುಗಳನ್ನು ಕೊಟ್ಟಿದ್ದರು. ಅವರನ್ನು ಕೂರಿಸಿಕೊಂಡು, 'ನಿಮ್ಮ ಕಾಲಿಗೆ ಬೀಳ್ತೀನಿ, ಕೊಂಬಿನ ಹಗ್ಗ ಹಿಡೀರಿ, ಮೂಗಿನದ್ದು ಮುಟ್ಟಬೇಡಿ. ನಿಂತರೆ ನಿಲ್ಲಲಿ, ಉಸಿರು ತಗೊಂಡು ತಾವೇ ಹೊರಡ್ತವೆ' ಎಂದು ದಿನಕ್ಕೆ ಹತ್ತು ಸಲ ಹೇಳಿದ. ಪಾಪ, ಅವರು ಕೇಳಿದರು. ಕೇಳದಿದ್ದವನು ಸೇರ್ವೆಗಾರ. ಸಡಿಲವಾಗಿ ತೂಗುವ ಮೂಗುದಾರಗಳನ್ನು ಕಂಡು, ಮುದುಕ ನಾಯಕರ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ ಎಂದು ಅವನು ಮನಸ್ಸಿನಲ್ಲೇ ಇಟ್ಟುಕೊಂಡ.

ಹತ್ತನೆಯ ದಿನ ಬೆಳಗ್ಗೆ ಆರು ಜೋಡಿಯನ್ನು ಒಂದರ ಹಿಂದೊಂದು ಹೂಡಿದರು. ಫಿರಂಗಿಗೆ ಅಂಟಿಕೊಂಡ ಕೊನೆಯ ಜೋಡಿ ಎಲ್ಲಕ್ಕಿಂತ ಬಲವಾದದ್ದು; ಫಿರಂಗಿ ಹಿಂದೆ ಸರಿಯದಂತೆ ತಡೆಯುವುದು ಅವುಗಳ ಹೆಗಲು. ಅಲ್ಲಿ ಕ್ಯಾತಯ್ಯ ನಿಂತ. ಫಿರಂಗಿ ಹೇರಿದ ಗಾಡಿ ಒಂದೊಂದು ಮಾರು ಹತ್ತಿದಾಗಲೂ ಗಾಲಿಯ ಹಿಂದೆ ಅಡ್ಡಗಲ್ಲು ಕೊಡಲು ಒಬ್ಬರು ಬೇಕಿತ್ತು. ಆ ಕೆಲಸಕ್ಕೆ ಕೋಟೆಯಿಂದ ಯಾರನ್ನು ಕರೆತಂದರೆಂದು ನೋಡಿದರೆ, ಸಣ್ಣೀರಮ್ಮ. ಇದು ನಾಯಕನ ಅಪ್ಪಣೆ. ಮಗಳು ಗಾಲಿಯ ಹಿಂದಿದ್ದರೆ ತಂದೆ ಹೋರಿಗಳನ್ನು ಎಚ್ಚರದಿಂದ ನಡೆಸುತ್ತಾನೆ ಎಂಬ ಲೆಕ್ಕಾಚಾರ. ಎಂಥ ಬುದ್ಧಿವಂತಿಕೆ ನೋಡಿ, ಥೂ! ಒಂಬತ್ತು ದಿನದ ಮೇಲೆ ತಂದೆ ಮಗಳು ಒಬ್ಬರನ್ನೊಬ್ಬರು ಕಂಡರು, ಮಾತಿಗೆ ಬಿಡುವಿರಲಿಲ್ಲ. 'ಊಟ ಮಾಡಿದ್ಯೇನವ್ವ?' ಎಂದು ಕ್ಯಾತಯ್ಯ ಕೂಗಿ ಕೇಳಿದ, 'ಆಯ್ತು ಅಪ್ಪಯ್ಯ' ಎಂದು ಅವಳು ಕಲ್ಲು ಎತ್ತಿಕೊಂಡಳು. ಅವರಿಬ್ಬರ ನಡುವೆ ನಡೆದ ಕೊನೆಯ ಮಾತು ಇದಾಗಿತ್ತು.

ಮೊದಲ ತಿರುವು ಚೆನ್ನಾಗಿಯೇ ಹತ್ತಿತು. ಎರಡನೆಯ ತಿರುವು ಕಡಿದಾದದ್ದು. ಇಂದಿಗೂ ಅಲ್ಲಿ ಹತ್ತುವವರು ಮೊಣಕಾಲಿಗೆ ಕೈ ಕೊಡಬೇಕು. ಅಲ್ಲಿ ಮುಂದಿನ ಜೋಡಿ ನಿಂತಿತು, ಅದನ್ನು ನೋಡಿ ಎಲ್ಲವೂ ನಿಂತವು. ಕ್ಯಾತಯ್ಯ ಹಿಂದಿನಿಂದ, 'ಇರಲಿ, ಉಸಿರು ತಗೊಳ್ಳಲಿ' ಎಂದು ಕೂಗಿದ. ಸಣ್ಣೀರಮ್ಮ ಒಂದು ಗಾಲಿಗೆ ಕಲ್ಲು ಕೊಟ್ಟು ಇನ್ನೊಂದರ ಕಡೆಗೆ ಹೋದಳು. ಮೇಲೆ ಬುರುಜಿನಲ್ಲಿ ನಿಂತು ನಾಯಕ ನೋಡುತ್ತಿದ್ದ. ದೊರೆ ನೋಡುವಾಗ ಕೆಲಸ ನಿಂತಿತಲ್ಲ ಎಂದು ಹಂಪಣ್ಣನಿಗೆ ತಲೆ ಕೆಟ್ಟಿತು. ಮುಂದೆ ಬಂದು, ಕೊಂಬಿನ ಹಗ್ಗ ಹಿಡಿದಿದ್ದ ಆಳನ್ನು ಪಕ್ಕಕ್ಕೆ ನೂಕಿ, ಮುಂದಿನ ಹೋರಿಯ ಮೂಗುದಾರಕ್ಕೆ ಕೈ ಹಾಕಿ ತನ್ನ ಮೈಭಾರವನ್ನೆಲ್ಲ ಬಿಟ್ಟು ಜಗ್ಗಿದ. ಹತ್ತು ದಿನವೂ ತುಂಬದ ಹುಣ್ಣು ಎಷ್ಟು ತಡೆದೀತು? ಮೂಗು ಹರಿದುಬಂತು. ಹೋರಿ ನೋವಿಗೆ ಅರಚಿ ತಿರುಗಿ ಬಿತ್ತು; ಅದರ ರಕ್ತದ ವಾಸನೆಗೆ ಉಳಿದವು ಬೆದರಿ ಒಂದರ ಮೇಲೊಂದು ನುಗ್ಗಿ, ಐದು ಜೋಡಿಯ ಹಗ್ಗವೂ ಸಿಕ್ಕುಸಿಕ್ಕಾಗಿ ಸಡಿಲವಾಯಿತು. ಇಡೀ ಫಿರಂಗಿಯ ಭಾರ ಕೊನೆಯ ಜೋಡಿಯ ಹೆಗಲ ಮೇಲೆ ಬಂತು.

ಆ ಎರಡು ಹೋರಿಗಳು ಗೊರಸು ಊರಿ ನಿಂತವು. ಕೊಟ್ಟಿದ್ದ ಒಂದು ಕಲ್ಲು ಪುಡಿಯಾಯಿತು. ಸಣ್ಣೀರಮ್ಮ ಓಡಿಹೋಗದೆ ಎರಡನೆಯ ಕಲ್ಲನ್ನು ಗಾಲಿಯ ಕೆಳಗೆ ತಳ್ಳುತ್ತಿದ್ದಳು. ಗಾಲಿ ಉರುಳಿದರೆ ಮುಂದೆ ನೊಗ ಕಟ್ಟಿದ ಮೂಕಿಮರದ ಪಕ್ಕದಲ್ಲಿದ್ದ ತಂದೆಯನ್ನೂ ಎಳೆದುಕೊಂಡು ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಕಲ್ಲು ಅರ್ಧ ಹೊಕ್ಕಿತ್ತು. ಅಷ್ಟರಲ್ಲಿ ನೊಗ ಹೊರಳಿ, ಬಲಗಡೆಯ ಹೋರಿಯ ಕೊರಳನ್ನು ನೊಗಕ್ಕೆ ಕಟ್ಟಿದ್ದ ಕಣ್ಣಿಹಗ್ಗ ಉರುಳಿನಂತೆ ಬಿಗಿಯಿತು. ಹೋರಿಯ ಕಣ್ಣು ಹೊರಳಿ ನಾಲಿಗೆ ಹೊರಗೆ ಬಂತು. ಕ್ಯಾತಯ್ಯ ಅದರ ಮುಖವನ್ನು ಕಂಡ. ಅವನು ಯೋಚಿಸಲಿಲ್ಲ. ಐವತ್ತು ವರ್ಷ ಮಾಡಿದ್ದನ್ನೇ ಅವನ ಕೈ ಮಾಡಿತು. ಸೊಂಟಕ್ಕೆ ಹೋಯಿತು, ಕುಡುಗೋಲು ಎಳೆಯಿತು, ಕಣ್ಣಿಯನ್ನು ಕೊಯ್ದಿತು. ಹೋರಿ ನೊಗದಿಂದ ಕಳಚಿ ಬದುಕಿತು. ಒಂಟಿ ಹೋರಿಯ ಹೆಗಲಿಂದ ಮೂಕಿ ಹಾರಿಹೋಗಿ, ಫಿರಂಗಿ ಹಿಂದಕ್ಕೆ ಹೊರಟಿತು. ಇನ್ನೊಂದು ಉಸಿರು ಕೈ ತಡೆದಿದ್ದರೆ ಆ ಕಲ್ಲು ಪೂರಾ ಹೊಕ್ಕು ಗಾಲಿ ನಿಲ್ಲುತ್ತಿತ್ತು ಎಂದು ಹತ್ತಿರದಲ್ಲಿದ್ದವರೆಲ್ಲ ಹೇಳಿದರಂತೆ. ಅವನ ಎದುರಿಗೇ ಹೇಳಿದರಂತೆ, ಹಾಳಾದ ಬಾಯಿಗಳು. ಇದನ್ನು ಹೇಳುವಾಗ ಚಿತ್ತಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಫಿರಂಗಿ ಕೊರಕಲಿಗೆ ಬಿದ್ದು ಎರಡು ತುಂಡಾಯಿತು. ಸಣ್ಣೀರಮ್ಮನನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದರು.

ಮಗಳ ಮಣ್ಣು ಮುಗಿಸಲು ಕ್ಯಾತಯ್ಯನಿಗೆ ಒಂದು ದಿನ ಬಿಟ್ಟರು. ಅದು ದಯೆಯೆಂದು ಯಾರೂ ತಿಳಿಯಬಾರದು. ಆ ದಿನವಿಡೀ ಕೋಟೆಯಲ್ಲಿ, ಇದಕ್ಕೆಲ್ಲ ಕಾರಣ ಯಾರು ಎಂಬ ಪಂಚಾಯಿತಿ ನಡೆಯುತ್ತಿತ್ತು. ಹಂಪಣ್ಣ ತನ್ನ ಕೈ ತೊಳೆದುಕೊಂಡ. ಮುದುಕ ಬೇಕೆಂದೇ ಕಣ್ಣಿ ಕೊಯ್ದ, ಶತ್ರುವಿನ ಕಡೆಯವನಾಗಿದ್ದಾನೆ ಎಂದ. ಸ್ವಂತ ಮಗಳು ಗಾಲಿಯ ಹಿಂದಿರುವಾಗ ಬೇಕೆಂದು ಯಾವ ತಂದೆಯಾದರೂ ಕೊಯ್ಯುತ್ತಾನೆಯೇ ಎಂದು ಕೇಳುವ ಬಾಯಿ ಅಲ್ಲಿರಲಿಲ್ಲ. ನಾಯಕನಿಗೂ ಫಿರಂಗಿಗಿಂತ ದೊಡ್ಡ ಹೆದರಿಕೆಯೊಂದು ಹುಟ್ಟಿತ್ತು. ಸಣ್ಣೀರಮ್ಮ ಸತ್ತದ್ದನ್ನು ಕಂಡು ಹಟ್ಟಿಯವರು ಸಿಡುಕತೊಡಗಿದ್ದರು. ಅವರು ಕೈ ಬಿಟ್ಟರೆ ದನವಿಲ್ಲ, ಹಾಲಿಲ್ಲ, ಕೋಟೆಗೆ ಒಂದು ಹೊರೆ ಸೌದೆ ಕೂಡ ಬರುವುದಿಲ್ಲ. ಅವರನ್ನು ಹದ್ದಿನಲ್ಲಿಡಬೇಕಾದರೆ ಎಲ್ಲರೂ ನೋಡುವಂಥದ್ದು ಏನಾದರೂ ಆಗಬೇಕು. ಹಟ್ಟಿಯವರೆಲ್ಲ ಕೋಟೆಯ ಬಾಗಿಲಿಗೆ ಬರಬೇಕೆಂದು ಡಂಗುರ ಹೊಡೆಸಿದ. ನಡುಹಗಲಿನಲ್ಲಿ, ಅವರ ಕಣ್ಣೆದುರಿಗೆ, ಕ್ಯಾತಯ್ಯನ ಮೂಗು ಚುಚ್ಚಿಸಿದ. ದಬ್ಬಳ ಅವನದೇ. ಹಟ್ಟಿಯವರಲ್ಲಿ ಯಾರೂ ಅದನ್ನು ಹಿಡಿಯಲು ಒಪ್ಪದೆ ಹಂಪಣ್ಣನೇ ಹಿಡಿದ. ಅರಿಶಿನವಿಲ್ಲ, ಎಣ್ಣೆಯಿಲ್ಲ, ಕಿವಿಯಲ್ಲಿ ತಪ್ಪಾಯ್ತು ಎನ್ನುವವರಿಲ್ಲ. ಹಗ್ಗ ತೂರಿಸಿ, ಅದರ ತುದಿಯನ್ನು ನಾಯಕನ ಕೈಗೆ ಕೊಟ್ಟರು. ಹಟ್ಟಿಯವರ ಮುಂದೆ ಮೂರು ಸುತ್ತು ಬರಬೇಕು, ದೊರೆಯೇ ನಡೆಸಿಕೊಂಡು ಹೋಗುತ್ತಾನೆ ಎಂದು ಸಾರಿದರು.

'ನಡೆ' ಎಂದ ನಾಯಕ. ಕ್ಯಾತಯ್ಯ ನಡೆಯಲಿಲ್ಲ. ಮುಖದಿಂದ ಇಳಿಬಿದ್ದ ಹಗ್ಗವನ್ನು ಎರಡು ಬೆರಳಿನಲ್ಲಿ ಹಿಡಿದು ಸವರಿ ನೋಡಿದ. ಎಡತಿರುವಿನ ಹಗ್ಗ ಅದು; ಅರಮನೆಯಲ್ಲಿ ಆ ಒಂಬತ್ತು ದಿನ ಸಣ್ಣೀರಮ್ಮ ಹೊಸೆದದ್ದು. ಅದನ್ನು ಬಿಟ್ಟು ತಲೆ ಎತ್ತಿ, 'ಅವಳಿರೋತನಕ ನೀವು ಹೇಳಿದ್ದೆಲ್ಲ ಕೇಳಿದೆ ಬುದ್ಧಿ. ಈಗ ಇದನ್ನ ಹಿಡ್ಕೊಂಡು ಏನು ಮಾಡ್ತೀರಿ?' ಎಂದ. ದನಿಯಲ್ಲಿ ಸಿಟ್ಟಿರಲಿಲ್ಲವಂತೆ, ನಿಜಕ್ಕೂ ತಿಳಿಯಲೆಂದೇ ಕೇಳಿದವನ ಹಾಗಿತ್ತಂತೆ. ಹಾಗೆ ಕೇಳಿ ಒಂದು ಹೆಜ್ಜೆ ಹಿಂದಿಟ್ಟ. ಹಗ್ಗ ಬಿಗಿಯಿತು. ನಾಯಕ ಆಗಲೇ ಕೈ ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಅಷ್ಟು ಜನ ನೋಡುತ್ತಿರುವಾಗ ಹಿಡಿದದ್ದನ್ನು ಬಿಡುವುದು ದೊರೆಗಳಿಗೆ ಬರುವುದಿಲ್ಲ. ಎಳೆದ. ಕ್ಯಾತಯ್ಯ ಎರಡನೆಯ ಹೆಜ್ಜೆಯನ್ನೂ ಹಿಂದಿಟ್ಟ. ಮೂರನೆಯದಕ್ಕೆ ಮೂಗು ಹರಿಯಿತು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ಕೋನಪ್ಪನಾಯಕ ರಕ್ತ ಮೆತ್ತಿದ ಹಗ್ಗವನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಎಸೆಯಬೇಕೋ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕ್ಯಾತಯ್ಯ ಬೆನ್ನು ತಿರುಗಿಸಿ ಗುಡ್ಡ ಇಳಿಯತೊಡಗಿದ. ಈಟಿ ಹಿಡಿದು ದಾರಿಗೆ ಅಡ್ಡ ನಿಂತಿದ್ದವರು ಅವನ ಮುಖ ಕಂಡು ತಾವಾಗಿ ಪಕ್ಕಕ್ಕೆ ಸರಿದರು. ಅವನ ಹಿಂದೆ ಹಟ್ಟಿಯವರು ಒಬ್ಬೊಬ್ಬರಾಗಿ ಇಳಿದರು. ಆ ದಿನ ಸಂಜೆಯೊಳಗೆ ಅವರು ದನಗಳನ್ನೆಲ್ಲ ಬಡಗಲ ಕಾಡಿಗೆ ಹೊಡೆದುಕೊಂಡು ಹೋದರು, ಕಾವಲಿನಲ್ಲಿ ಒಂದು ಕರುವೂ ಉಳಿಯಲಿಲ್ಲ. ಐದನೆಯ ದಿನ ಪಡುವಲ ಪಾಳೆಯದವರು ಬಂದರು. ಕೋಟೆ ಅರ್ಧ ದಿನವೂ ನಿಲ್ಲಲಿಲ್ಲ ಎನ್ನುತ್ತಾರೆ. ನಾಯಕ ಬಾವಿಗೆ ಬಿದ್ದನೆಂದು ಕೆಲವರು, ವೇಷ ಬದಲಿಸಿ ಓಡಿದನೆಂದು ಕೆಲವರು. ಯಾವುದು ನಿಜ ಎಂದು ಚಿತ್ತಜ್ಜಿಯನ್ನು ಕೇಳಿದೆ. 'ಅವನ ಸುದ್ದಿ ಯಾಕೆ ಬಿಡಪ್ಪ' ಎಂದಳು.

ಕೋಟೆ ಬಿದ್ದ ಸುದ್ದಿಯನ್ನು ಕಾಡಿನಲ್ಲಿದ್ದ ಕ್ಯಾತಯ್ಯನಿಗೆ ಹಟ್ಟಿಯ ಹಿರಿಯನೊಬ್ಬ ಸಂತೋಷದಿಂದಲೇ ತಂದ. 'ನಿನ್ನ ಮಗಳನ್ನ ತಿಂದವನು ಮಣ್ಣಾದ ಕಣೋ ಕ್ಯಾತಣ್ಣ' ಎಂದ. ಕ್ಯಾತಯ್ಯ ತಲೆಯಾಡಿಸಿ, 'ಕಣ್ಣಿ ಕೊಯ್ದದ್ದು ನಾಯಕ ಅಲ್ಲವಲ್ಲಪ್ಪ' ಎಂದನಂತೆ. ಕೆಲವು ತಿಂಗಳ ಮೇಲೆ ಹಟ್ಟಿಯವರು ಕಾವಲಿಗೆ ಮರಳಿದರು. ಹೊಸ ದೊರೆಗಳು ಬಂದರು, ಹೊಸ ಸೇರ್ವೆಗಾರರು ಬಂದರು, ಹೋರಿಗಳ ಮೂಗು ಚುಚ್ಚುವುದೂ ಮತ್ತೆ ಶುರುವಾಯಿತು. ದನ ಸಾಕುವವರಿಗೆ ಅದು ತಪ್ಪಿದ್ದಲ್ಲ. ಕ್ಯಾತಯ್ಯ ಮಾತ್ರ ದಬ್ಬಳ ಮುಟ್ಟಲಿಲ್ಲ. ಹನ್ನೊಂದು ವರ್ಷ ಬದುಕಿದ. ಅವನಿಗೆ ಯಾರೂ ಏನನ್ನೂ ಹೇಳುತ್ತಿರಲಿಲ್ಲ, ಬಾ ಎನ್ನುತ್ತಿರಲಿಲ್ಲ, ಹೋಗು ಎನ್ನುತ್ತಿರಲಿಲ್ಲ. ಹೊಸ ದೊರೆ ಒಮ್ಮೆ ಹಟ್ಟಿಗೆ ಬಂದಾಗ ಎಲ್ಲರೂ ಎದ್ದು ನಿಂತರೆ ಅವನು ಕಟ್ಟೆಯ ಮೇಲೆ ಕೂತೇ ಇದ್ದ. ಆ ಮುಖವನ್ನು ಒಮ್ಮೆ ನೋಡಿ ದೊರೆಯೇ ಕುದುರೆಯನ್ನು ಬೇರೆ ದಾರಿಗೆ ತಿರುಗಿಸಿದ. ಹಟ್ಟಿಯವರು ಅದನ್ನು ದೊಡ್ಡಸ್ತಿಕೆಯಿಂದ ಹೇಳಿಕೊಳ್ಳುತ್ತಾರೆ. ನನಗೇನೋ ಅದರಲ್ಲಿ ದುಃಖವೇ ಕಾಣುತ್ತದೆ. ಗುಡ್ಡಕ್ಕೆ ಈ ಹೆಸರು ಬಿದ್ದದ್ದು ಆ ವರ್ಷಗಳಲ್ಲಿ.

ಇಂದು ಗುಡ್ಡ ಹತ್ತುವವರಿಗೆ ಎರಡನೆಯ ತಿರುವಿನಲ್ಲಿ, ಬೇವಿನ ಮರದ ಕೆಳಗೆ, ಎರಡು ಕೆತ್ತಿದ ಕಲ್ಲುಗಳು ಸಿಗುತ್ತವೆ. ಒಂದು ಹೆಣ್ಣಿನದು, ಬಾಗಿ ನಿಂತು ಕಲ್ಲು ತಳ್ಳುತ್ತಿರುವಂತೆ. ಮುಖ ಅಚ್ಚುಕಟ್ಟಾಗಿದೆ, ಮೂಗಿನಲ್ಲಿ ನತ್ತು ಕೂಡ ಇದೆ. ಇನ್ನೊಂದು ಗಂಡಸಿನದು. ಅದಕ್ಕೆ ಮೂಗೂ ಸರಿಯಿಲ್ಲ, ಬಲಗೈಯೂ ಇಲ್ಲ. ಬಂದವರು ಫೋಟೋ ತೆಗೆದುಕೊಂಡು, 'ಛೆ, ಎಷ್ಟು ಚೆನ್ನಾಗಿತ್ತೋ, ಯಾವ ಪಾಪಿಗಳು ಒಡೆದರೋ' ಎಂದು ಮರುಗುತ್ತಾರೆ. ಅಳತೆ ಮಾಡಲು ಬಂದ ಒಬ್ಬರು ಪುಸ್ತಕದಲ್ಲಿ 'ಭಗ್ನ' ಎಂದು ಬರೆದುಕೊಂಡು ಹೋದರು. ಒಡೆದದ್ದಲ್ಲ ಮಹಾರಾಯರೇ, ಬೆರಳಿಟ್ಟು ನೋಡಿ! ಮುರಿದ ಕಲ್ಲು ಒರಟಾಗಿರುತ್ತದೆ. ಹಟ್ಟಿಯವರು ಈ ಕಲ್ಲುಗಳನ್ನು ಕೆತ್ತಿಸಿದಾಗ ಕ್ಯಾತಯ್ಯ ಇನ್ನೂ ಬದುಕಿದ್ದ. ಮೂಗನ್ನಾದರೂ ನೆಟ್ಟಗೆ ಮಾಡಿಕೊಡಲೇ ಎಂದು ಕಲ್ಲುಕುಟಿಗ ಕೇಳಿದ್ದಕ್ಕೆ, ಅದು ಇದ್ದ ಹಾಗೇ ಇರಲಿ ಎಂದನಂತೆ. ಬಲಗೈಗೆ ಏನು ಕೊಡಲಿ, ದಬ್ಬಳವೋ ಕುಡುಗೋಲೋ ಎಂದು ಕೇಳಿದಾಗ ಕ್ಯಾತಯ್ಯ ತನ್ನ ಕೈ ಎತ್ತಿ ನೋಡಿಕೊಂಡ. ಆಮೇಲೆ, 'ಆ ಕೈ ಬೇಡಪ್ಪ, ಅದು ನನ್ನ ಮಾತು ಕೇಳಲಿಲ್ಲ' ಎಂದ. ಕಲ್ಲುಕುಟಿಗ ಮೊಣಕೈಗೇ ನಿಲ್ಲಿಸಿ, ಅಲ್ಲಿ ಕಲ್ಲನ್ನು ನುಣ್ಣಗೆ ತಿಕ್ಕಿ ಬಿಟ್ಟ. ಹಟ್ಟಿಯ ಹೆಂಗಸರು ವರ್ಷಕ್ಕೊಮ್ಮೆ ಸಣ್ಣೀರಮ್ಮನ ಕಲ್ಲಿಗೆ ಎಣ್ಣೆ ಸವರಲು ಹೋದಾಗ, ಉಳಿದ ಎಣ್ಣೆಯನ್ನು ಆ ಮೊಣಕೈಯ ತುದಿಗೆ ಹಚ್ಚಿ, ಅದರ ಮುಂದೆ ಬಾಗಿ 'ತಪ್ಪಿಲ್ಲ ಕಣಪ್ಪ' ಎಂದು ಹೇಳಿ ಬರುತ್ತಾರೆ.